ಹೊಳೆ ಇಳಿಯುವವರೆಗೆ ಕಾದವರಿಗೆ

ಹೋದ ಶನಿವಾರ ರಾತ್ರಿ ಹತ್ತೂಕಾಲಿಗೆ, ನಾವು ಆರು ಜನ ಆನ್‌ಲೈನ್ ಕಾಲ್‌ನಲ್ಲಿ ಆಡುವ ಕಥೆಯಾಟದಲ್ಲಿ, ನಮ್ಮ ಕೊನೆಯ ದನ ಅಬಿಲೀನ್‌ನಲ್ಲಿ ರೈಲು ಡಬ್ಬಿ ಹತ್ತಿತು. ಆಟ ಮುಗಿಯಿತು ಎಂದು ನಾನು ಹೇಳಿದ ಮೇಲೂ ಐದು ಜನರಲ್ಲಿ ಒಬ್ಬರೂ ಕಾಲ್ ಬಿಟ್ಟು ಹೋಗಲಿಲ್ಲ. ಮೆಲ್ಬರ್ನ್‌ನಲ್ಲಿ ಆಗ ಬೆಳಗಿನ ಜಾವ ಎರಡೂಮುಕ್ಕಾಲು. ಅಕ್ಕ, ನಿಮಗೆ ಭಾನುವಾರ ಡ್ಯೂಟಿ ಇತ್ತು. ಆದರೂ ಕೂತಿದ್ದಿರಿ. ನನಗೆ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಅವತ್ತು ಬಾಯಿಗೆ ಬಾರದ್ದನ್ನು ಇಲ್ಲಿ ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮಾತಿನಲ್ಲೇ ಆಡುವ ಆಟ. ಗೇಮ್ ಮಾಸ್ಟರ್ ಎನ್ನುವ ಒಬ್ಬರು ಆ ಲೋಕವನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಪಾತ್ರ ಏನು ಮಾಡಲು ಹೊರಟಿದೆ ಎಂದು ಆಡುವವರು ಹೇಳುತ್ತಾರೆ, ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಹೀಗೆ ವಾರವಾರ ಬೆಳೆಯುವ ಒಂದೇ ಕಥೆಗೆ ಕ್ಯಾಂಪೇನ್ ಅನ್ನುತ್ತಾರೆ. ನಮ್ಮದು 1871ರ ಅಮೆರಿಕದ ಕಥೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಕಡೆಯಿಂದ ಕ್ಯಾನ್ಸಾಸ್‌ನ ಅಬಿಲೀನ್‌ವರೆಗೆ ಚಿಸಮ್ ದಾರಿಯಲ್ಲಿ 2,400 ದನ ಹೊಡೆದುಕೊಂಡು ಹೋಗಬೇಕು. ದೂರ ಸುಮಾರು 800 ಮೈಲಿ. ಒಂದು ದಿನಕ್ಕೆ ಹತ್ತರಿಂದ ಹದಿನೈದು ಮೈಲಿ ಸಾಗಿದರೆ ಅದೇ ದೊಡ್ಡದು.

ವೆಸ್ಟರ್ನ್ ಅಂದ ತಕ್ಷಣ ಎಲ್ಲರ ಕಣ್ಣಿಗೂ ಬರುವುದು ನಡುಬೀದಿಯಲ್ಲಿ ಎದುರುಬದುರು ನಿಂತ ಇಬ್ಬರು, ಅವರ ಸೊಂಟದ ಪಿಸ್ತೂಲು. ನಾನು ನಿಮ್ಮ ಹತ್ತಿರ ಕೇಳಿಕೊಂಡದ್ದು ಬೇರೆಯೇ. ಧೂಳು ತಿನ್ನೋಣ, ನೀರು ಹುಡುಕೋಣ, ದನ ಎಣಿಸೋಣ, ರಾತ್ರಿ ಪಾಳಿ ಕಾಯೋಣ ಅಂದೆ. ಬೇಜಾರಾದರೆ ಹೇಳಿ, ಬದಲಾಯಿಸುತ್ತೇನೆ ಅಂತಲೂ ಅಂದಿದ್ದೆ. ಒಂದೂವರೆ ವರ್ಷದಲ್ಲಿ ಒಬ್ಬರೂ ಬದಲಾಯಿಸಿ ಅನ್ನಲಿಲ್ಲ. ಭಾರತದಲ್ಲಿ ಸಂಜೆ ಆರೂವರೆ, ಆಸ್ಟಿನ್‌ನಲ್ಲಿ ಬೆಳಗ್ಗೆ ಎಂಟು, ಮೆಲ್ಬರ್ನ್‌ನಲ್ಲಿ ರಾತ್ರಿ ಹನ್ನೊಂದು. ಶನಿವಾರ ಬಂದರೆ ನಾವು ಕಾಲ್‌ಗೆ ಸೇರುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಆರು ಹಸಿರು ಚುಕ್ಕಿ ಹೊತ್ತಿಕೊಳ್ಳುತ್ತಿದ್ದವು.

ಹಿಂಡು ರೆಡ್ ನದಿಯ ದಡ ಮುಟ್ಟಿದ ವಾರವೇ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ಆಸ್ಪತ್ರೆಯ ದಿನಗಳನ್ನು ಇಲ್ಲಿ ಬರೆಯುವುದಿಲ್ಲ, ಅನುಭವಿಸಿದವರಿಗೆ ಗೊತ್ತು. ಗ್ರೂಪಿಗೆ ನಾನು ಕಳಿಸಿದ್ದು ಒಂದೇ ಸಾಲು: ಕ್ಯಾಂಪೇನ್ ನಿಲ್ಲಿಸೋಣ, ನೀವು ಬೇರೆ ಟೇಬಲ್, ಅಂದರೆ ಬೇರೆ ಆಟದ ಗುಂಪು, ನೋಡಿಕೊಳ್ಳಿ.

ಅದಕ್ಕೆ ಉತ್ತರ ಬರೆದವರು ನಮ್ಮೊಡನೆ ಆಡುವ ಮೇಷ್ಟ್ರು. "ಹೊಳೆ ತುಂಬಿ ಹರೀತಾ ಇದೆ. ಹಿಂಡು ದಾಟೋ ಹಾಗಿಲ್ಲ. ಇಳಿಯೋವರೆಗೂ ಇಲ್ಲೇ ಬಿಡಾರ."

ನಾನು ಆ ನದಿಗೆ ಪ್ರವಾಹ ತಂದಿರಲಿಲ್ಲ. ನೀವು ತಂದಿರಿ. ನಿಜಕ್ಕೂ ಆ ಕಾಲದಲ್ಲಿ ರೆಡ್ ನದಿ ಉಕ್ಕಿದರೆ ಹಿಂಡಿನ ಹಿಂದೆ ಹಿಂಡು ಬಂದು ದಡದಲ್ಲೇ ನಿಲ್ಲುತ್ತಿದ್ದವು, ನೀರು ಇಳಿಯುವವರೆಗೆ ದಿನಗಟ್ಟಲೆ ಕಾಯುತ್ತಿದ್ದವು. ಮೇಷ್ಟ್ರಿಗೆ ಅದು ಗೊತ್ತಿತ್ತು. ಏಳು ಶನಿವಾರ ನೀವು ಐವರೂ ಅದೇ ಹೊತ್ತಿಗೆ ಬಂದು ಆ ದಡದಲ್ಲಿ ಕೂತಿರಿ. ದಾಳ ಇಲ್ಲ, ಗೇಮ್ ಮಾಸ್ಟರ್ ಇಲ್ಲ. ಒಬ್ಬರು ಕುದುರೆ ಲಾಳ ಸರಿ ಮಾಡಿದರು, ಒಬ್ಬರು ತಡಿಯ ಹರಿದ ಪಟ್ಟಿ ಹೊಲಿದರು, ಒಬ್ಬರು ಊರಿಗೆ ಕಾಗದ ಬರೆದರು. ಪ್ರತಿ ವಾರ ಕೊನೆಗೆ ಯಾರಾದರೂ ಒಬ್ಬರು ನನಗೊಂದು ಸಾಲು ಕಳಿಸುತ್ತಿದ್ದರು. "ನೀರು ಇನ್ನೂ ಇಳಿದಿಲ್ಲ, ಅವಸರ ಇಲ್ಲ." ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅದನ್ನು ಓದಿಕೊಳ್ಳುತ್ತಿದ್ದೆ. ಆಸ್ಟಿನ್‌ನಲ್ಲಿರುವ ನಮ್ಮ ಟ್ರೇಲ್ ಬಾಸ್, ಅಂದರೆ ಹಿಂಡು ಹೊಡೆಯುವವರ ಮುಖಂಡನ ಪಾತ್ರದವರು, ಒಂದು ಭಾನುವಾರ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಹೋಗಿ, ನಿಜವಾದ ರೆಡ್ ನದಿಯ ದಡದಲ್ಲಿ ನಿಂತು, ಇಟ್ಟಿಗೆ ಪುಡಿ ಕದಡಿದಂಥ ಆ ನೀರಿನ ಫೋಟೋ ಕಳಿಸಿದರು. ಅದರ ಕೆಳಗೂ ಅದೇ ಸಾಲು. ಆ ಫೋಟೋ ಇನ್ನೂ ನನ್ನ ಫೋನಿನ ಪರದೆಯ ಮೇಲಿದೆ.

ಅಪ್ಪ ಮನೆಗೆ ಬಂದ ಮೇಲೆ ಮೆಲ್ಬರ್ನಿನ ಅಕ್ಕ ಫೋನ್ ಮಾಡಿದರು. ಅವರು ನರ್ಸ್, ನಮ್ಮ ಆಟದಲ್ಲಿ ಅಡುಗೆ ಬಂಡಿಯ ಯಜಮಾನಿ. ಬೆರಳಿಗೆ ಏನು ವ್ಯಾಯಾಮ ಕೊಟ್ಟಿದ್ದಾರೆ, ಮಾತು ಎಷ್ಟು ಬರುತ್ತದೆ ಎಂದೆಲ್ಲ ವಿಚಾರಿಸಿ ಕೊನೆಗೆ ಕೇಳಿದರು: "ಅಪ್ಪಾಜಿ ಇಸ್ಪೀಟು ಆಡ್ತಿದ್ರು ಅಂತ ಹೇಳಿದ್ಯಲ್ಲ. ಎಲೆ ಅವರ ಕೈಗೆ ಕೊಡಬಾರದಾ?"

ಇದು ಯಾಕೆ ದೊಡ್ಡ ಮಾತು ಅಂದರೆ, ನಾವು ಆಡುವುದು ಸ್ಯಾವೇಜ್ ವರ್ಲ್ಡ್ಸ್ ಎಂಬ ಆಟದ ನಿಯಮದಲ್ಲಿ. ಹೊಡೆದಾಟವೋ ಅಪಾಯವೋ ಬಂದಾಗ ಯಾರು ಮೊದಲು ಎಂದು ತೀರ್ಮಾನಿಸುವುದು ಇಸ್ಪೀಟು ಎಲೆ. ಪ್ರತಿ ಸುತ್ತಿಗೂ ಎಲ್ಲರಿಗೂ ಒಂದೊಂದು ಎಲೆ ಬೀಳುತ್ತದೆ. ಎಕ್ಕ ಬಂದವರು ಮೊದಲು, ರಾಜ ಆಮೇಲೆ, ಹೀಗೆ ಇಳಿಯುತ್ತಾ ಹೋಗುತ್ತದೆ. ಜೋಕರ್ ಬಿದ್ದವರು ಬೇಕೆಂದಾಗ ತಮ್ಮ ಸರದಿ ಆಡಬಹುದು. ಇಬ್ಬರಿಗೆ ಒಂದೇ ಎಲೆ ಬಂದರೆ ಬಣ್ಣ ನೋಡಬೇಕು: ಇಸ್ಪೀಟು ಮುಂದೆ, ನಂತರ ಆಟೀನು, ಡೈಮನ್ನು, ಕಡೆಗೆ ಕಳಾವರ್. ಅಲ್ಲಿಯವರೆಗೆ ಈ ಎಲೆಗಳನ್ನು ಕಂಪ್ಯೂಟರ್ ಹಾಕುತ್ತಿತ್ತು. ಎಂಟನೆಯ ಶನಿವಾರದಿಂದ ಅಪ್ಪ ಹಾಕತೊಡಗಿದರು. ನನ್ನ ಪಕ್ಕದ ಕುರ್ಚಿ, ಮೇಲೊಂದು ಕ್ಯಾಮೆರಾ, ಮುಂದೆ ಹಸಿರು ಟವಲ್ ಹಾಸಿದ ಮಣೆ. ಎಡಗೈಯಿಂದ ಕಟ್ಟು ಒತ್ತಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಎಲೆ ಜಾರಿಸುತ್ತಿದ್ದರು. ಐದು ಎಲೆ ಹಾಕಲು ಮೊದಲ ದಿನ ನಾಲ್ಕು ನಿಮಿಷ ಹಿಡಿಯಿತು. ಹೊಳೆಯ ನಡುವೆ ದನ ಈಜುತ್ತಿರುವಾಗ ಆ ನಾಲ್ಕು ನಿಮಿಷ ನೀವು ಉಸಿರೆತ್ತದೆ ಕಾದಿರಿ. ಪ್ರತಿ ಎಲೆ ಮಗುಚಿದಾಗಲೂ ಟ್ರೇಲ್ ಬಾಸ್ "ಬಂತು ಅಪ್ಪಾಜಿ, ಕಾಣ್ತಿದೆ" ಅನ್ನುತ್ತಿದ್ದರು.

ಆ ದಾಟುವಿಕೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮುಂದಿನ ಹೋರಿಗಳು ಬೆದರಿ ನಡುಹೊಳೆಯಲ್ಲಿ ತಿರುಗಿಕೊಂಡು, ಹಿಂದಿನವು ಅವುಗಳ ಮೇಲೆ ನುಗ್ಗಿ, ಹಿಂಡು ಗಾಣದಂತೆ ಸುತ್ತತೊಡಗಿತು. ಹಾಗೆ ಸುತ್ತಲು ಶುರುವಾದರೆ ದನ ಒಂದರ ಮೇಲೊಂದು ಹತ್ತಿ ಮುಳುಗುತ್ತವೆ. ಟ್ರೇಲ್ ಬಾಸ್‌ಗೆ ರಾಣಿ ಬಿತ್ತು, ಕಳಾವರ್. ನಮ್ಮ ಕಿಲಾರಿಗೂ ರಾಣಿಯೇ. ಕ್ಯಾಮೆರಾದ ಬೆಳಕಿಗೆ ಎಲೆ ಹೊಳೆದು ಯಾರಿಗೂ ಬಣ್ಣ ಕಾಣಲಿಲ್ಲ. ನಾನು ಬಗ್ಗಿ ನೋಡುವಷ್ಟರಲ್ಲಿ ಪಕ್ಕದಿಂದ ದನಿ ಬಂತು.

"ಆಟೀನ್ ರಾಣಿ."

ಎಂಟು ವಾರದಲ್ಲಿ ಅಪ್ಪ ತೊದಲದೆ ಆಡಿದ ಮೊದಲ ಮಾತು. ಅಡುಗೆಮನೆಯಿಂದ ಅಮ್ಮ ಓಡಿ ಬಂದರು. ಆಚೆ ನೀವೆಲ್ಲ ಕೂಗಿದ್ದು ಹೆಡ್‌ಫೋನ್ ಹೊರಗೂ ಕೇಳಿಸಿತು. ಆಟೀನು ಕಳಾವರಿಗಿಂತ ಮೇಲೆ, ಹಾಗಾಗಿ ಕಿಲಾರಿ ಮೊದಲು. ಅವನು ಕುದುರೆ ನೀರಿಗಿಳಿಸಿ ಮುಂದಾಳು ಹೋರಿಯ ಕೊಂಬು ಹಿಡಿದು ತಿರುಗಿಸಿದ. ಹಿಂಡು ದಾಟಿತು.

ಕಿಲಾರಿ ಎಂದರೆ ಯಾರು ಎಂದು ಕೇಳುವವರಿಗೆ: ಅವನು ಚಳ್ಳಕೆರೆ ಕಡೆಯ ಹುಡುಗ, ಈಗ ಬೆಂಗಳೂರಿನಲ್ಲಿ ಕೆಲಸ. ಹಿಂಡಿನ ಬಾಲದಲ್ಲಿ ಧೂಳು ಕುಡಿಯುತ್ತಾ ಬರುವ ಡ್ರ್ಯಾಗ್ ರೈಡರ್ ಪಾತ್ರವನ್ನು ತಾನೇ ಕೇಳಿ ಪಡೆದವನು. ಎರಡನೆಯ ವಾರವೇ ಹೇಳಿದ, "ನಮ್ಮ ಕಡೆ ದೇವರ ಎತ್ತು ಕಾಯೋರಿಗೆ ಕಿಲಾರಿ ಅಂತಾರೆ, ನಾನೂ ಇಲ್ಲಿ ಅದೇ ತಾನೆ?" ಅವತ್ತಿನಿಂದ ಟೇಬಲಿನಲ್ಲಿ ಕೌಬಾಯ್ ಎಂಬ ಮಾತೇ ಹೋಯಿತು. ಅಮೃತಮಹಲ್ ಕೊಂಬು ಹಿಂದಕ್ಕೆ ಸಾಗಿ ಮೇಲೇಳುತ್ತದೆ, ಟೆಕ್ಸಾಸ್‌ನ ಲಾಂಗ್‌ಹಾರ್ನ್ ತಳಿಯ ಕೊಂಬು ಎರಡೂ ಪಕ್ಕಕ್ಕೆ ಚಾಚುತ್ತದೆ, ಹಾಗಾಗಿ ಇಕ್ಕಟ್ಟಿನ ದಾರಿಯಲ್ಲಿ ಇವನ್ನು ಒತ್ತಬಾರದು ಎಂದು ನಮಗೆ ಕಲಿಸಿದವನೂ ಅವನೇ. ರಾತ್ರಿ ಪಾಳಿಯಲ್ಲಿ ಇಬ್ಬರು ಸವಾರರು ಹಿಂಡಿನ ಸುತ್ತ ಎದುರುಬದುರಾಗಿ ಸುತ್ತುತ್ತಾ, ದನ ಬೆದರದಿರಲೆಂದು ಹಾಡುತ್ತಿದ್ದರು. ಅವನ ಪಾಳಿ ಬಂದಾಗ ತನ್ನ ತಾತ ದನ ಕರೆಯುತ್ತಿದ್ದ ಕೂಗನ್ನು ಮೆಲ್ಲಗೆ, ಬಹಳ ಹೊತ್ತು ಕೂಗಿದ. ತಮ್ಮಾ, ಆ ರಾತ್ರಿ ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋದರು. ಮನೆಗೆ ಬಂದ ಮೇಲೆ ಅವರು ಗುಳಿಗೆ ಇಲ್ಲದೆ ಮಲಗಿದ್ದು ಅವತ್ತೇ ಮೊದಲು. ನಿನ್ನ ತಾತನಿಗೂ ನನ್ನ ನಮಸ್ಕಾರ ತಿಳಿಸು.

ಅಕ್ಕ, ಎಲೆಯ ಉಪಾಯವಷ್ಟೇ ಅಲ್ಲ. ದಿನದ ಕೊನೆಗೆ ಬಂಡಿಯ ಮೂಕಿಯನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಟ್ಟು ಮಲಗುವುದು ಆ ಕಾಲದ ಅಡುಗೆಯವರ ರೂಢಿ. ಬೆಳಗ್ಗೆ ಮೋಡ ಮುಚ್ಚಿದ್ದರೂ ಉತ್ತರ ಯಾವುದೆಂದು ತಿಳಿಯಲಿ ಅಂತ. ನೀವು ಒಂದು ವಾರವೂ ಬಿಡದೆ, ಎಷ್ಟೇ ನಿದ್ದೆಗಣ್ಣಿದ್ದರೂ "ಮೂಕಿ ತಿರುಗಿಸಿದೆ" ಎಂದು ಹೇಳಿಯೇ ಆಟ ಮುಗಿಸಿದಿರಿ. ನಿಮ್ಮ ಊರಿನಿಂದ ಆ ನಕ್ಷತ್ರ ಕಾಣುವುದೇ ಇಲ್ಲ.

ಮೇಷ್ಟ್ರೇ, ಮೂರನೆಯ ವಾರ ನಾನು ಹಾಕಿದ್ದ ಮುಳ್ಳುತಂತಿ ಬೇಲಿಯನ್ನು ಆ ತಂತಿಗೆ ಗ್ಲಿಡನ್ ಎಂಬುವರಿಗೆ ಪೇಟೆಂಟ್ ಸಿಕ್ಕಿದ್ದು 1874ರಲ್ಲಿ ಎಂದು ಕಿತ್ತುಹಾಕಿಸಿದಿರಿ. 1873ರ ಕೋಲ್ಟ್ ಪಿಸ್ತೂಲನ್ನೂ ಕೈಯಿಂದ ಇಳಿಸಿದಿರಿ. ಅದಕ್ಕಿಂತ ಹೆಚ್ಚಾಗಿ, ಅಮೆರಿಕದ ಅಂತರ್ಯುದ್ಧದಿಂದ ಬಂದ ಕಪ್ಪು ಕೌಬಾಯ್‌ನ ಪಾತ್ರವನ್ನು ಅಷ್ಟು ಘನತೆಯಿಂದ ಆಡಿದಿರಿ. ದನ ಹೊಡೆದವರಲ್ಲಿ ಕಪ್ಪು ಜನ, ಮೆಕ್ಸಿಕೊ ಮೂಲದವರು ಎಷ್ಟೊಂದು ಮಂದಿ ಇದ್ದರು ಎನ್ನುವುದು ನಮಗೆ ಗೊತ್ತಾದದ್ದು ನಿಮ್ಮಿಂದ. ಅಲ್ಲಿನ ಮೂಲನಿವಾಸಿಗಳಾದ ಚಿಕಸಾ ಜನರ ನೆಲ ದಾಟುವಾಗ ಸುಂಕ ಕೊಡಬೇಕೋ ತಪ್ಪಿಸಿಕೊಳ್ಳಬೇಕೋ ಎಂಬ ವಾದ ಬಂದಾಗ "ಅವರ ಹುಲ್ಲು, ಅವರ ನೀರು, ಎಣಿಸಿ ಕೊಡಿ" ಅಂದವರು ನೀವು. ಈ ದಾರಿಗೆ ಹೆಸರು ಕೊಟ್ಟ ಜೆಸ್ಸಿ ಚಿಸಮ್ ಅವರ ತಾಯಿಯೇ ಚೆರೋಕಿ ಎಂಬ ಮೂಲನಿವಾಸಿ ಜನಾಂಗದವರು. ಅವತ್ತಿನಿಂದ ನಮ್ಮ ಕಥೆಯ ನಡೆಯೇ ಬದಲಾಯಿತು.

ಧಾರವಾಡದ ಪುಟ್ಟಿ, ಕುದುರೆಗಳ ಜವಾಬ್ದಾರಿ ಹೊತ್ತವಳು. ಎಪ್ಪತ್ತು ಕುದುರೆಗೂ ಹೆಸರಿಟ್ಟು ವಹಿ ಬರೆದಳು, ಪರೀಕ್ಷೆ ವಾರದಲ್ಲೂ ತಪ್ಪಿಸಲಿಲ್ಲ. ಆ ವಹಿ ನನಗೆ ಬೇಕು, ಪುಟ್ಟಿ. ಫೋಟೋ ಅಲ್ಲ, ಪುಸ್ತಕವೇ.

ಅಬಿಲೀನ್ ಬಗ್ಗೆ ಒಂದು ಮಾತು ಹೇಳಿಬಿಡಬೇಕು. 1871ರಲ್ಲಿ ಆ ಊರಿಗೆ ಲಕ್ಷಗಟ್ಟಲೆ ದನ ಬಂದು ಬೆಲೆ ಬಿದ್ದುಹೋಗಿತ್ತು. ಕೊನೆಗೆ ಉಳಿದ ನಿಮ್ಮ 2,187 ದನಕ್ಕೆ ವ್ಯಾಪಾರಿಗಳು ಹೇಳಿದ ದರ ಕೇಳಿ ನೀವು ಮೂರು ವಾರ ಹುಲ್ಲುಗಾವಲಿನಲ್ಲೇ ನಿಂತಿರಿ, ಬೆಲೆ ಏರಲೆಂದು. ಮುಂದಿನ ಚಳಿಗಾಲ ಎಷ್ಟು ಕ್ರೂರವಾಗಿತ್ತು, ಮಾರಾಟವಾಗದೆ ಉಳಿದ ದನ ಎಷ್ಟು ಸತ್ತವು ಎಂದು ನನಗೆ ಗೊತ್ತು, ಹೇಳುವಂತಿರಲಿಲ್ಲ. ಅಕ್ಕ "ದನ ಸೊರಗ್ತಿವೆ, ಕೊಟ್ಟುಬಿಡೋಣ" ಅಂದಾಗ ನಿಜವಾಗಿ ಕಣ್ಣು ತುಂಬಿತು. ಆ ಊರಿನ ಕಾನೂನು ಕಾಯುತ್ತಿದ್ದ ಮಾರ್ಷಲ್ ವೈಲ್ಡ್ ಬಿಲ್ ಹಿಕಾಕ್‌ರನ್ನು ಆಲಮೋ ಸಲೂನಿನ ಬಾಗಿಲಲ್ಲಿ ಒಂದೇ ಒಂದು ಸಲ ನಿಲ್ಲಿಸಿದೆ. ನೀವು ಊರ ಕಾನೂನಿಗೆ ತಲೆಬಾಗಿ ಬಂದೂಕು ಒಪ್ಪಿಸಿ, ಕೂಲಿ ಎಣಿಸಿಕೊಂಡು, ಕ್ಷೌರ ಮಾಡಿಸಿಕೊಳ್ಳಲು ಹೋದಿರಿ. ಇಡೀ ಕೊನೆಯ ಅಧ್ಯಾಯದಲ್ಲಿ ಒಂದು ಗುಂಡೂ ಹಾರಲಿಲ್ಲ. ನನಗೆ ಬೇಕಿದ್ದ ವೆಸ್ಟರ್ನ್ ಅದೇ.

ಇನ್ನು ಮುಂದಿನದು. ಮೇಷ್ಟ್ರು ಗೇಮ್ ಮಾಸ್ಟರ್ ಆಗಲು ಒಪ್ಪಿದ್ದಾರೆ, ನಾನು ಮೊದಲ ಸಲ ಪಾತ್ರ ಹಿಡಿಯುತ್ತೇನೆ. ಈ ಸಲ ಇನ್ನೂ ಪಶ್ಚಿಮಕ್ಕೆ, ಇನ್ನೂ ಎತ್ತರಕ್ಕೆ: ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟ, 1866ರ ಚಳಿಗಾಲ, ಸೆಂಟ್ರಲ್ ಪೆಸಿಫಿಕ್ ರೈಲು ದಾರಿ. ನಾವು ಗ್ವಾಂಗ್‌ಡಾಂಗ್‌ನಿಂದ ಬಂದ ಚೀನೀ ಕೂಲಿಗಳು. 1,659 ಅಡಿ ಉದ್ದದ ಸಮಿಟ್ ಸುರಂಗವನ್ನು ಎರಡು ತುದಿಯಿಂದಲೂ, ನಡುವೆ ಬಾವಿಯಂತೆ ತೋಡಿ ಇಳಿದು ಒಳಗಿನಿಂದ ಎರಡು ಕಡೆಗೂ, ಹೀಗೆ ನಾಲ್ಕು ಮುಖದಿಂದ ಒಡೆಯಬೇಕು. ಕಲ್ಲು ಎಂಥ ಗಟ್ಟಿ ಎಂದರೆ ಒಂದು ಮುಖದಲ್ಲಿ ದಿನಕ್ಕೆ ಒಂದಡಿ ಮುಂದೆ ಹೋದರೆ ಹೆಚ್ಚು. ಆಮೇಲೆ ನೈಟ್ರೊಗ್ಲಿಸರಿನ್ ಎಂಬ ಸಿಡಿಮದ್ದು ಬರುತ್ತದೆ, ಹಿಮದಡಿ ಸುರಂಗ ಕೊರೆದು ಬದುಕುವ ತಿಂಗಳುಗಳು ಬರುತ್ತವೆ, 1867ರ ಜೂನ್‌ನಲ್ಲಿ ಸಾವಿರಾರು ಜನ ಹಾರೆ ಗುದ್ದಲಿ ಕೆಳಗಿಟ್ಟು ಕೂತ ಮುಷ್ಕರ ಬರುತ್ತದೆ. ಮೇಷ್ಟ್ರು ಯಾಕೆ ಇದನ್ನೇ ಆರಿಸಿದರೆಂದರೆ, ಆ ಕೂಲಿಗಳಲ್ಲಿ ಒಬ್ಬರು ಬರೆದ ಒಂದು ಕಾಗದವಾಗಲಿ ದಿನಚರಿಯಾಗಲಿ ಇವತ್ತಿನವರೆಗೆ ಸಿಕ್ಕಿಲ್ಲ. ಅದಕ್ಕೇ ನಮ್ಮ ಪ್ರತಿಯೊಬ್ಬರ ಪಾತ್ರವೂ ವಾರಕ್ಕೊಂದು ಕಾಗದ ಮನೆಗೆ ಬರೆಯಬೇಕು, ಕನ್ನಡದಲ್ಲಿ. ಇದು ಅವರು ಹಾಕಿದ ಒಂದೇ ಷರತ್ತು.

ಒಂದು ಕುರ್ಚಿ ಖಾಲಿಯಿದೆ. ಸೇರುವ ಮನಸ್ಸಿದ್ದವರು ತಿಳಿಸಿ, ಆಟ ಮೊದಲೇ ಬರಬೇಕೆಂದಿಲ್ಲ.

ಮೂರು ವಾರ ಬಿಡುವು, ಆಮೇಲೆ ಅದೇ ಶನಿವಾರ, ಅದೇ ಆರೂವರೆ. ಎಲೆ ಅಪ್ಪನೇ ಹಾಕುತ್ತಾರೆ. ಹಳೆಯ ಕಟ್ಟು ಅಂಚು ಸವೆದು ಮೆತ್ತಗಾಗಿದೆ ಎಂದು ನಿನ್ನೆ ಅಮ್ಮನ ಜೊತೆ ಅಂಗಡಿಗೆ ನಡೆದು ಹೋಗಿ ಹೊಸದು ತಂದಿದ್ದಾರೆ. ಬಲಗೈಯಲ್ಲೇ ಹಿಡಿದು ತಂದರು.