ಗರ್ಭಕೋಶ ತೆಗೆಯುವ ಮುನ್ನ ಬಯಾಪ್ಸಿ ಆಗಲಿ

ಸಂಪಾದಕರಿಗೆ,

ಬಿಳುಪು ಹೋಗುತ್ತದೆ, ಕೂಡಿದ ಮೇಲೆ ರಕ್ತ ಕಾಣುತ್ತದೆ ಎಂದು ಬಂದ ಹೆಂಗಸಿಗೆ ಬಯಾಪ್ಸಿ (ಗರ್ಭಕಂಠದ ಚೂರು ತೆಗೆದು ಪರೀಕ್ಷಿಸುವುದು) ಮಾಡದೆ, ಬರೀ ಒಂದು ಸ್ಕ್ಯಾನಿಂಗ್ ಮಾಡಿ, ‘ಗರ್ಭಕೋಶ ಊದಿದೆ, ತೆಗೆಸಿಬಿಡಿ’ ಎನ್ನುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ತೆಗೆದ ಮೇಲೆ ಗರ್ಭಕಂಠದ ಕ್ಯಾನ್ಸರ್ ಎಂಬ ವರದಿ ಬಂದರೆ ಪೇಚು ಶುರು. ಗಡ್ಡೆಯ ಸುತ್ತಲಿನ ಅಂಗಾಂಶ, ದುಗ್ಧಗ್ರಂಥಿಗಳು (ಲಿಂಫ್ ನೋಡ್) ಒಳಗೇ ಉಳಿದಿರುತ್ತವೆ. ಒಳಗಿನಿಂದ ವಿಕಿರಣ ಕೊಡುವ ನಳಿಕೆ ಕೂರಿಸಲು ಗರ್ಭಕೋಶವೇ ಇರುವುದಿಲ್ಲ.

ಆರಂಭದ ಹಂತದಲ್ಲೂ ಚಿಕಿತ್ಸೆ ಒಂದೇ ಅಲ್ಲ. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ, 3 ಮಿ.ಮೀ. ಆಳವನ್ನೂ ಮುಟ್ಟದ, ರಕ್ತನಾಳ, ದುಗ್ಧನಾಳಗಳಿಗೆ ನುಗ್ಗದ ಗಡ್ಡೆಗೆ ಕೋನ್ ಬಯಾಪ್ಸಿಯೇ (ಗರ್ಭಕಂಠದಿಂದ ಶಂಕುವಿನಾಕಾರದ ತುಂಡು ತೆಗೆಯುವುದು) ಚಿಕಿತ್ಸೆಯಾಗಬಲ್ಲದು. ಆದರೆ ಅದನ್ನು ಒಂದೇ ತುಂಡಾಗಿ ತೆಗೆಯಬೇಕು. ಚೂರುಚೂರಾಗಿ ತೆಗೆದರೆ, ಅಂಚು ಸುಟ್ಟರೆ, ಕ್ಯಾನ್ಸರ್ ಎಲ್ಲಿಗೆ ನಿಂತಿದೆ ಎಂದು ಪೆಥಾಲಜಿಸ್ಟ್ ಹೇಳಲಾರರು. ಮಕ್ಕಳು ಬೇಕೆನ್ನುವವರಿಗೆ, ಗಡ್ಡೆ 2 ಸೆಂ.ಮೀ. ಒಳಗಿದ್ದರೆ, ಕಂಠವನ್ನಷ್ಟೇ ತೆಗೆದು ಗರ್ಭಕೋಶ ಉಳಿಸುವ ಶಸ್ತ್ರಚಿಕಿತ್ಸೆಯೂ ಇದೆ. ಮುಂದೆ ಹೆರಿಗೆ ಸಿಸೇರಿಯನ್ನೇ, ದಿನ ತುಂಬುವ ಮೊದಲೇ ಆಗುವ ಅಪಾಯವೂ ಉಂಟು.

2024ರಲ್ಲಿ ಪ್ರಕಟವಾದ ಶೇಪ್ ಅಧ್ಯಯನದಲ್ಲಿ 700 ಮಹಿಳೆಯರಿದ್ದರು. 2 ಸೆಂ.ಮೀ. ಮೀರದ, ಆಳಕ್ಕಿಳಿಯದ ಗಡ್ಡೆಗೆ ಗರ್ಭಕೋಶ ತೆಗೆಯುವ ಸಾದಾ ಶಸ್ತ್ರಚಿಕಿತ್ಸೆ ಸಾಕೆಂದು ಅದು ತೋರಿಸಿತು: 3 ವರ್ಷಗಳಲ್ಲಿ ಕಿಬ್ಬೊಟ್ಟೆಯಲ್ಲಿ ರೋಗ ಮರುಕಳಿಸಿದ್ದು ಶೇ 2.52, ಸುತ್ತಲಿನ ಅಂಗಾಂಶವನ್ನೂ ತೆಗೆಯುವ ವಿಸ್ತೃತ ಶಸ್ತ್ರಚಿಕಿತ್ಸೆಯಲ್ಲಿ ಶೇ 2.17. ಮೂತ್ರದ ತೊಂದರೆಯೂ ಕಡಿಮೆ. ಹಾಗೆಂದು ಮೇಲಿನ ರೂಢಿಗೆ ಇದನ್ನು ಸಮರ್ಥನೆ ಮಾಡಿಕೊಳ್ಳಬಾರದು. ಅಲ್ಲಿ ರೋಗವನ್ನು ಮೊದಲೇ ಅಳೆದಿದ್ದರು, ದುಗ್ಧಗ್ರಂಥಿಗಳನ್ನೂ ಪರೀಕ್ಷಿಸಿದ್ದರು.

ವಿಸ್ತೃತ ಶಸ್ತ್ರಚಿಕಿತ್ಸೆ ಬೇಕಾದವರು ‘ಹೊಟ್ಟೆ ಕೊಯ್ಯದೆ ಲ್ಯಾಪ್ರೋಸ್ಕೋಪಿಯಲ್ಲಿ ಆಗುವುದಿಲ್ಲವೇ’ ಎಂದು ಕೇಳುವುದು ಸಹಜ. 2018ರ ಲ್ಯಾಕ್ ಅಧ್ಯಯನದಲ್ಲಿ ನಾಲ್ಕೂವರೆ ವರ್ಷ ರೋಗಮುಕ್ತರಾಗಿ ಉಳಿದವರು ಹೊಟ್ಟೆ ಕೊಯ್ದವರಲ್ಲಿ ಶೇ 96.5, ಲ್ಯಾಪ್ರೋಸ್ಕೋಪಿ–ರೋಬೋಟ್ ಗುಂಪಿನಲ್ಲಿ ಶೇ 86. ಸಣ್ಣ ಗಾಯದ ಆಸೆಗೆ ಇದು ದುಬಾರಿ ಬೆಲೆ.

ಗಡ್ಡೆ 4 ಸೆಂ.ಮೀ. ಮುಟ್ಟಿದರೆ ಕತ್ತರಿಗಿಂತ ವಿಕಿರಣವೇ, ಅಂದರೆ ಜನ ‘ಕರೆಂಟು’ ಎನ್ನುವುದೇ, ಲೇಸು. ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕಿಮೊ ಔಷಧ, ಕೊನೆಗೆ ಒಳವಿಕಿರಣ; ಎಲ್ಲವೂ 8 ವಾರದೊಳಗೆ ಮುಗಿಯಬೇಕು. ರಕ್ತಸ್ರಾವ ನಿಂತಿತೆಂದು ನಡುವೆ ಊರಿಗೆ ಹೋಗಿ ಕುಳಿತರೆ ಫಲ ಕುಗ್ಗುತ್ತದೆ.

ಗರ್ಭಕೋಶ ಈಗಾಗಲೇ ತೆಗೆಸಿ ಇಂಥ ವರದಿ ಬಂದವರು ವರದಿಯ ಹಾಳೆಯನ್ನಷ್ಟೇ ಹಿಡಿದು ಬರಬೇಡಿ. ತೆಗೆದ ಅಂಗಾಂಶದ ಗಾಜಿನ ಸ್ಲೈಡು, ಅದನ್ನು ಹುದುಗಿಸಿಟ್ಟ ಮೇಣದ ಬ್ಲಾಕು, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮೂರನ್ನೂ ಕೇಳಿ ಪಡೆದು, ತಡಮಾಡದೆ ಕ್ಯಾನ್ಸರ್ ಆಸ್ಪತ್ರೆಗೆ ತನ್ನಿ.

– ಸ್ತ್ರೀರೋಗ ಕ್ಯಾನ್ಸರ್ ತಜ್ಞೆ, ಬೆಂಗಳೂರು