ಸರ್ವರ್ ಡೌನ್ ಸರಿ, ಬಾಯಿಗೇನಾಗಿತ್ತು?

ಸಂಪಾದಕರಿಗೆ ನಮಸ್ಕಾರ.

2024ರ ಜುಲೈ 19ರ ಶುಕ್ರವಾರ ಅಮ್ಮನ ಜೊತೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿದ್ದೆ. ಮಧ್ಯಾಹ್ನ ಹುಬ್ಬಳ್ಳಿಗೆ ಹೊರಡಬೇಕಿತ್ತು. ನಾವು ಹೋಗುವಷ್ಟರಲ್ಲಿ ಕೌಂಟರಿನ ಕಂಪ್ಯೂಟರುಗಳೆಲ್ಲ ಕೈಕೊಟ್ಟಿದ್ದವು, ಕ್ಯೂ ಎಲ್ಲಿ ಶುರುವಾಗಿದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಕಂಪ್ಯೂಟರಿಗೆ ಭದ್ರತಾ ಸಾಫ್ಟ್‌ವೇರ್ ಕೊಡುವ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ಅಪ್‌ಡೇಟ್ ಎಡವಟ್ಟಾಗಿ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಮಲಗಿದವಂತೆ. ಅದಕ್ಕೆ ವಿಮಾನ ಕಂಪನಿಯನ್ನು ಬೈದು ಏನು ಪ್ರಯೋಜನ? ಕೌಂಟರಿನ ಹುಡುಗಿಯನ್ನಂತೂ ಬೈಯುವ ಹಾಗೇ ಇಲ್ಲ. ಪಾಪ, ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆಯುತ್ತಿದ್ದಳು. ಅಮ್ಮನ ಸೀಟು 14 ಎಂದು ಬರೆದು, ಅದನ್ನು ಹೊಡೆದು 17 ಮಾಡುವಷ್ಟರಲ್ಲಿ ಪೆನ್ನು ಮುಗಿಯಿತು. ಹಿಂದೆ ನಿಂತಿದ್ದ ಹಿರಿಯರೊಬ್ಬರು ತಮ್ಮ ಜೇಬಿನ ಪೆನ್ನು ಕೊಟ್ಟರು.

ನನ್ನ ತಕರಾರು ಬೇರೆ. ನಾಲ್ಕು ಗಂಟೆ ಕಾದೆವು, ಕಂಪನಿಯ ಒಬ್ಬರೂ ಬಂದು 'ಹೀಗಾಗಿದೆ, ಇಷ್ಟು ಹೊತ್ತಾಗಬಹುದು' ಎಂದು ಹೇಳಲಿಲ್ಲ. ಮೈಕಿನಲ್ಲಿ ಒಮ್ಮೆ ಹಿಂದಿ, ಇಂಗ್ಲಿಷಿನಲ್ಲಿ ಏನೋ ಗೊಣಗಿದರು, ಹುಬ್ಬಳ್ಳಿಗೆ ಹೋಗುವವರಿಗೆ ಕನ್ನಡದಲ್ಲಿ ಒಂದು ಮಾತಿಲ್ಲ. ಅತ್ತ ಮೊಬೈಲಿಗೆ ಬಂದ ಮೆಸೇಜು: ನಿಮ್ಮ ವಿಮಾನ ಸರಿಯಾದ ಸಮಯಕ್ಕೆ ಹೊರಡಲಿದೆ!

ಅಮ್ಮನಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಊಟ ಕೇಳಿದರೆ 'ಸಿಸ್ಟಮ್ ಬಂದ ಮೇಲೆ ಕೂಪನ್ ಕೊಡ್ತೀವಿ ಸರ್' ಅಂದರು. ನಮ್ಮಂಥ ಸಣ್ಣ ಹಾರಾಟ 2 ಗಂಟೆಗಿಂತ ಜಾಸ್ತಿ ತಡವಾದರೆ ತಿಂಡಿ-ಊಟ ಕೊಡಬೇಕು, 6 ಗಂಟೆ ದಾಟುವುದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್ ಎಂದು ವಿಮಾನಯಾನದ ಮೇಲುಸ್ತುವಾರಿ ನೋಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವೇ ಇದೆ. ಕೈಮೀರಿದ ಕಾರಣವಾದರೆ ಪರಿಹಾರದ ಹಣ ಕೊಡಬೇಕಿಲ್ಲ, ನಿಜ. ಆದರೆ ಹಸಿದವರಿಗೆ ಎರಡು ಇಡ್ಲಿ ಕೊಡುವುದಕ್ಕೂ ಸರ್ವರ್ ಬೇಕಾ? ಚೀಟಿಯಲ್ಲಿ ಬರೆದು ಸೀಲು ಹೊಡೆದಿದ್ದರೆ ಸಾಕಿತ್ತು, ಬೋರ್ಡಿಂಗ್ ಪಾಸನ್ನೇ ಹಾಗೆ ಕೊಟ್ಟವರು ತಾನೆ! ಕುರ್ಚಿ, ನೀರು, ಊಟ ಒದಗಿಸಲು ಹೇಳಿದ್ದೇವೆ ಎಂದು ಕೇಂದ್ರ ವಿಮಾನಯಾನ ಸಚಿವ ರಾಮಮೋಹನ್ ನಾಯ್ಡು ಅವರು ಅವತ್ತೇ ತಿಳಿಸಿದ್ದರು. ನಮ್ಮ ಸಾಲಿನವರೆಗೆ ಆ ಮಾತು ಬರಲಿಲ್ಲ. ಕೊನೆಗೆ ಅಮ್ಮ ಚೀಲದಲ್ಲಿದ್ದ ಚಪಾತಿ, ಶೇಂಗಾ ಚಟ್ನಿ ಬಿಚ್ಚಿದರು, ಪಕ್ಕದವರಿಗೂ ಕೊಟ್ಟರು.

ಒಂದು ಬಿಳಿ ಬೋರ್ಡು, ಒಂದು ಮಾರ್ಕರ್, ಅರ್ಧ ಗಂಟೆಗೊಮ್ಮೆ ಕನ್ನಡದಲ್ಲೂ ವಿಷಯ ಹೇಳುವ ಒಬ್ಬ ಮನುಷ್ಯ. ಇದಕ್ಕೆ ಕರೆಂಟೂ ಬೇಡ, ಅಲ್ವಾ?

ಆಮೇಲೆ ಕೊಂಡ ತಿಂಡಿಯ ಬಿಲ್ಲನ್ನು ಕಂಪನಿಗೆ ಮೇಲ್ ಮಾಡಿದ್ದೇನೆ. 'ನಿಮ್ಮ ದೂರು ನಮಗೆ ಬಹಳ ಮುಖ್ಯ' ಎಂದು ಒಂದೇ ನಿಮಿಷದಲ್ಲಿ ಉತ್ತರ ಬಂತು. ಅಷ್ಟರಮಟ್ಟಿಗೆ ಸಿಸ್ಟಮ್ ಸರಿಹೋಗಿದೆ.

ಒಬ್ಬ ಪ್ರಯಾಣಿಕ, ಹುಬ್ಬಳ್ಳಿ