ಉರುಗ್ವೆ ಅಂದರೆ ಫುಟ್‌ಬಾಲ್ ಒಂದೇ ಅಲ್ಲ

ಮಾನ್ಯರೇ,

ಉರುಗ್ವೆ ಅಂದ ಕೂಡಲೇ ನಮ್ಮ ಪತ್ರಿಕೆಗಳಿಗೆ ನೆನಪಾಗುವುದು ಫುಟ್‌ಬಾಲ್ ಮಾತ್ರ. ಅಲ್ಲಿನ ಕಪ್ಪು ಗಾಯಕ ರುಬೆನ್ ರಾದಾ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

1943ರಲ್ಲಿ ಮಾಂಟೆವಿಡಿಯೊದಲ್ಲಿ ಹುಟ್ಟಿದ ರಾದಾ, ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದವರು ಉಳಿಸಿಕೊಂಡ ಕಂದೊಂಬೆ ಬಡಿತವನ್ನು ರಾಕ್, ಜಾಝ್ ಜೊತೆ ಬೆರೆಸಿದವರು. 1960ರ ದಶಕದಲ್ಲಿ ಸಂಗೀತಗಾರ ಎಡ್ವಾರ್ಡೊ ಮಾತೆಯೊ ಜೊತೆ ಎಲ್ ಕಿಂಟೊ ತಂಡ, ಆಮೇಲೆ ಟೊಟೆಮ್ ತಂಡ, ಮುಂದೆ ಅಮೆರಿಕದಲ್ಲಿ ಫಾತೊರುಸೊ ಸಹೋದರರ ಓಪಾ ತಂಡ. 2011ರಲ್ಲಿ ಲ್ಯಾಟಿನ್ ಗ್ರ್ಯಾಮಿ ಸಂಗೀತ ಪ್ರಶಸ್ತಿಯ ಜೀವಮಾನ ಸಾಧನೆ ಗೌರವ ಸಿಕ್ಕಿತು.

ಕಂದೊಂಬೆಗೆ ಮೂರು ಡೋಲು: ಚಿಕೊ, ರೆಪಿಕೆ, ಪಿಯಾನೊ. (ಹೆಸರಷ್ಟೇ ಪಿಯಾನೊ, ಅದೂ ಡೋಲೇ!) ಹೆಗಲಿಗೆ ನೇತುಹಾಕಿಕೊಂಡು ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈಯಲ್ಲಿ ಬಾರಿಸುತ್ತಾರೆ. ಚಿಕೊ ಒಂದೇ ನಡೆಯನ್ನು ಬಿಡದೆ ಹಿಡಿದಿರುತ್ತದೆ, ರೆಪಿಕೆ ಅದರ ಮೇಲೆ ಆಟವಾಡುತ್ತದೆ. ಮೆರವಣಿಗೆಗೆ ಮುಂಚೆ ಬೀದಿಯಲ್ಲೇ ಬೆಂಕಿ ಹಾಕಿ ಚರ್ಮ ಕಾಯಿಸಿ ಬಿಗಿ ಮಾಡುತ್ತಾರೆ, ಥೇಟ್ ನಮ್ಮ ತಮಟೆಯವರ ಹಾಗೆ.

ಈ ಬಡಿತಕ್ಕೆ ಕಷ್ಟದ ಕಾಲವೂ ಬಂದಿತ್ತು. ಸೇನೆಯ ಆಡಳಿತದಲ್ಲಿ, 1978ರಲ್ಲಿ, ಡೋಲಿನವರ ಹೆಸರಾಂತ ವಠಾರ ಮೀಡಿಯೊ ಮುಂಡೊದಿಂದ ಜನರನ್ನು ಎಬ್ಬಿಸಿ ಕಟ್ಟಡವನ್ನೇ ಕೆಡವಿದರು. ಅದೇ ಕಂದೊಂಬೆ 2009ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿತು! ರಾದಾರಂಥವರು ಅದನ್ನು ಬೀದಿಯಿಂದ ರೇಡಿಯೊಗೆ, ದೊಡ್ಡ ವೇದಿಕೆಗೆ ತಂದದ್ದು ಸಣ್ಣ ಕೆಲಸ ಅಲ್ವಾ?

ಭಾನುವಾರದ ಪುರವಣಿಯಲ್ಲಿ ಸಿನಿಮಾ ಗಾಸಿಪ್ ಸ್ವಲ್ಪ ಕಡಿಮೆ ಮಾಡಿ ಇಂಥವರಿಗೆ ಅರ್ಧ ಪುಟ ಕೊಡಿ.

– ಓರ್ವ ಓದುಗ, ಮೈಸೂರು